ರುದ್ರಮುನಿ ಮೇಷ್ಟ್ರ ಕಾಲು

ವಿಜಯನಗರದಲ್ಲಿ ರುದ್ರಮುನಿ ಎಂದು ವಿಚಾರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಎಂದರೆ ದಾರಿ ತೋರಿಸುತ್ತಾರೆ. ಮಾರ್ಕೆಟ್ಟಿನ ಹಿಂದಿನ ಅಡ್ಡರಸ್ತೆಯಲ್ಲಿ ಜೆರಾಕ್ಸ್ ಅಂಗಡಿಗೂ ಹೂವಿನ ಅಂಗಡಿಗೂ ನಡುವೆ ಒಂದು ಕೋಣೆ. ಒಳಗೆ ಮೇಜು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಚಾರ್ಟು, ಹೊರಗೆ ಕೆಂಪಕ್ಷರದ ಬಿಳಿ ಕಾರು. ಸ್ಕೂಲು ಅಂದರೆ ಇಷ್ಟೇ. ಕಲಿಸುವವರು ರುದ್ರಮುನಿ ಒಬ್ಬರೇ. ಫೋನ್ ಎತ್ತಿ ಯಾರಿಗೆ ಎಷ್ಟು ಹೊತ್ತಿಗೆ ಕ್ಲಾಸು ಎಂದು ಬರೆದಿಡುವುದು ಹೆಂಡತಿ ಉಮಾಶ್ರೀ. ಇಪ್ಪತ್ತಾರು ವರ್ಷದಿಂದ ರುದ್ರಮುನಿ ಜನರ ಎಡಗಡೆ ಕೂತಿದ್ದಾರೆ. ಮದುವೆಮನೆಯ ಊಟದ ಸಾಲಿನಲ್ಲೂ ಪಕ್ಕದವರು ತಮ್ಮ ಬಲಕ್ಕೇ ಬರುವ ಹಾಗೆ ನೋಡಿಕೊಂಡು ಕೂರುತ್ತಾರೆ ಎಂದು ಉಮಾಶ್ರೀ ಹೇಳುತ್ತಾರೆ. ಅದು ದೂರೋ ಹೊಗಳಿಕೆಯೋ ಅವರು ಬಿಡಿಸಿ ಹೇಳಿಲ್ಲ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಸೀಟಿನವರ ಕಾಲಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಯುವವರಿಗೆ ಕೈಕಾಲು ಆಡದೆ ಹೋದಾಗ ಕಲಿಸುವವರು ಕೂತಲ್ಲೇ ತುಳಿದು ಗಾಡಿ ನಿಲ್ಲಿಸಬಹುದು. ಮೇಷ್ಟ್ರ ಜೀವವೂ ವಿಜಯನಗರದ ದನಗಳ ಜೀವವೂ ಉಳಿದಿರುವುದು ಈ ಎರಡು ಪೆಡಲುಗಳಿಂದ.

ಮೇಷ್ಟ್ರ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿದೆ: 'ಕಾರಿನಲ್ಲಿ ಕಾರಿನ ವಿಷಯ ಮಾತ್ರ'. ಅದಕ್ಕೊಂದು ಹಿನ್ನೆಲೆಯುಂಟು. ಕಾರಿನಲ್ಲಿ ಅಕ್ಕಪಕ್ಕ ಕೂತವರು ಇಬ್ಬರೂ ರಸ್ತೆಯನ್ನೇ ನೋಡುತ್ತಿರುತ್ತಾರೆ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಆದ್ದರಿಂದ ಮನೆಯಲ್ಲಿ ಬಾಯಿಬಿಡದವರೂ ಇಲ್ಲಿ ಬಾಯಿಬಿಡುತ್ತಾರೆ. ಹತ್ತು ವರ್ಷದ ಹಿಂದೆ ಚನ್ನವೀರೇಶ್ ಎಂಬ ಟೈಲ್ಸ್ ವ್ಯಾಪಾರಿ ಕಲಿಯಲು ಬಂದಿದ್ದ. ಹದಿನೈದು ದಿನವೂ ಅವನು ಅಣ್ಣನ ಜೊತೆಗಿನ ಆಸ್ತಿ ಜಗಳ ಹೇಳಿಕೊಂಡ. ಮೇಷ್ಟ್ರು ಮೃದು ಮನುಷ್ಯ. 'ಹೌದು', 'ಪಾಪ', 'ಅದು ತಪ್ಪೇ' ಎಂದು ಸೇರಿಸುತ್ತ ಬಂದರು. ಆರು ತಿಂಗಳಿಗೆ ಕೋರ್ಟಿನಿಂದ ಕರೆ ಬಂತು. ವಕೀಲರು ಸಾಕ್ಷಿಗಳ ಪಟ್ಟಿಯಲ್ಲಿ 'ಕುಟುಂಬದ ಹಿತೈಷಿ' ಎಂದು ಇವರ ಹೆಸರು ಬರೆದಿದ್ದರು. ಮೇಷ್ಟ್ರು ಮೂರು ಸಲ ಕೋರ್ಟಿಗೆ ಹೋಗಿ ಬಂದರು. ಚನ್ನವೀರೇಶ್‌ಗೆ ಇವತ್ತಿಗೂ ರಿವರ್ಸ್ ಬರುವುದಿಲ್ಲ.

ಆಮೇಲೆ ಮೇಷ್ಟ್ರು ಗಟ್ಟಿಯಾದರು. ಕಲಿಯುವವರ ಮನೆಯೊಳಗೆ ಕಾಲಿಡುವುದಿಲ್ಲ, ಗೇಟಿನಲ್ಲೇ ನಿಲ್ಲುವುದು. ಕಾಫಿ ಕುಡಿಯುವುದಿಲ್ಲ. ಅಣ್ಣ ಎಂದು ಕರೆಸಿಕೊಳ್ಳುವುದಿಲ್ಲ, ಮೇಷ್ಟ್ರು ಎಂದರೆ ಸಾಕು. ಕಾರಿನಲ್ಲಿ ಯಾರಾದರೂ "ನಮ್ಮತ್ತೆ ಏನ್ ಮಾಡಿದ್ರು ಗೊತ್ತಾ" ಎಂದು ಶುರುಮಾಡಿದರೆ ಚೀಟಿ ತೋರಿಸುತ್ತಾರೆ.

"ನೀವು ಡ್ರೈವಿಂಗ್ ಹೇಳ್ಕೊಡ್ತೀರೋ, ಮಡಿ ಮಾಡ್ತೀರೋ?" ಎಂದು ಉಮಾಶ್ರೀ ಕೇಳಿದ್ದುಂಟು.

"ಕೆಲಸದಲ್ಲಿ ಒಂದು ಗೆರೆ ಇರ್ಬೇಕು ಕಣೇ" ಎಂದು ಮೇಷ್ಟ್ರು ಉತ್ತರಿಸಿದ್ದರು. ಆ ಗೆರೆಯ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು. ಗೆರೆಯನ್ನು ಬಾಯಿಗೆ ಮಾತ್ರ ಎಳೆದುಕೊಂಡಿದ್ದರೆಂದು ಗೊತ್ತಾಗಲು ಜಗದಾಂಬಾ ಮೇಡಂ ಬರಬೇಕಾಯಿತು.

ಜಗದಾಂಬಾ ಬಸವೇಶ್ವರನಗರದವರು. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮನೆಯಲ್ಲಿ ಹನ್ನೊಂದು ವರ್ಷದ ಹಳೆಯ ಕಾರಿತ್ತು, ಓಡಿಸುತ್ತಿದ್ದವರು ಯಜಮಾನರು ಏಕಾಂತಯ್ಯ. ಎರಡು ವರ್ಷದಿಂದ ಏಕಾಂತಯ್ಯನವರ ಕಣ್ಣು ಮಂಜಾಗುತ್ತ ಬಂದು ಕಾರು ಗೇಟಿನೊಳಗೆ ನಿಂತಿತ್ತು. ಹದಿನೈದು ದಿನಕ್ಕೊಮ್ಮೆ ಕಣ್ಣಾಸ್ಪತ್ರೆ, ತಿಂಗಳಿಗೊಮ್ಮೆ ಕೆಂಗೇರಿಯಲ್ಲಿರುವ ಅಕ್ಕ ನೀಲಮ್ಮನ ಮನೆ. ಎರಡಕ್ಕೂ ಆಟೊದವರ ಮರ್ಜಿ ಕಾಯುವುದು ಜಗದಾಂಬಾ ಅವರಿಗೆ ಸಾಕಾಗಿತ್ತು. ನಾನೇ ಕಲಿಯುತ್ತೇನೆ ಎಂದಾಗ ಏಕಾಂತಯ್ಯ, "ಈ ವಯಸ್ಸಲ್ಲಿ ನಿನ್ನ ಕೈಲಿ ಆಗುತ್ತೇನೇ?" ಎಂದಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಹೇಳಿದ್ದರು, ಜಗದಾಂಬಾ ಮರುದಿನವೇ ಬಂದು ಉಮಾಶ್ರೀಯ ಹತ್ತಿರ ಹೆಸರು ಬರೆಸಿದರು.

ಮೇಷ್ಟ್ರಿಗೆ ಇಂಥ ವಿದ್ಯಾರ್ಥಿನಿ ಹಿಂದೆಂದೂ ಸಿಕ್ಕಿರಲಿಲ್ಲ. ಮೊದಲ ದಿನ ಚೀಟಿ ಓದಿದರು, ತಲೆಯಾಡಿಸಿದರು, ಆಮೇಲೆ ಕಾರಿನಲ್ಲಿ ಗೇರು, ಕ್ಲಚ್ಚು, ಕನ್ನಡಿ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಕ್ಲಾಸು ಮುಗಿದ ಮೇಲೆ ಗೇಟಿನ ಹತ್ತಿರ ನಿಂತು ನೋಟ್‌ಬುಕ್ಕಿನಲ್ಲಿ ಅವತ್ತಿನ ಪಾಠ ಬರೆದುಕೊಳ್ಳುತ್ತಿದ್ದರು. ಏಕಾಂತಯ್ಯ ಹೊರಗೆ ಬಂದು "ಕಾಫಿ ಕುಡ್ಕೊಂಡು ಹೋಗಿ ಮೇಷ್ಟ್ರೇ" ಎನ್ನುವುದು, ಇವರು "ಬೇಡಿ ಸಾರ್, ಇನ್ನೊಂದ್ ಕ್ಲಾಸಿದೆ" ಎನ್ನುವುದು ದಿನವೂ ನಡೆಯುತ್ತಿತ್ತು. ಯಾರಿಗೂ ಬೇಸರವಿಲ್ಲದ ವ್ಯವಸ್ಥೆ.

ನಾಲ್ಕನೇ ದಿನ ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂತು, ಕಾರು ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಆಫ್. ಹಿಂದಿದ್ದ ಬಸ್ಸಿನ ಡ್ರೈವರ್ ಹಾರನ್ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಮನೇಲಿ ಅಡುಗೆ ಮಾಡ್ಕೊಂಡಿರಿ ಆಂಟಿ" ಎಂದು ಹೇಳಿ ಹೋದ. ಜಗದಾಂಬಾ ಅವರ ಕಿವಿ ಕೆಂಪಾಯಿತು. ಮೇಷ್ಟ್ರಿಗೆ ನೋಡಲಾಗಲಿಲ್ಲ. ಬಾಯಿಬಿಟ್ಟು ಸಮಾಧಾನ ಹೇಳಲು ತಮ್ಮದೇ ಚೀಟಿ ಅಡ್ಡ. ಎಡಗಾಲಿನಲ್ಲಿ ತಮ್ಮ ಕಡೆಯ ಕ್ಲಚ್ಚು ಒತ್ತಿ, ನಿಧಾನಕ್ಕೆ ಬಿಟ್ಟರು. ಕಾರು ಬೆಣ್ಣೆಯ ಹಾಗೆ ಮುಂದೆ ಹೋಯಿತು.

"ಬಂತು" ಎಂದರು ಜಗದಾಂಬಾ.

"ಬಂತು ಮೇಡಂ" ಎಂದರು ಮೇಷ್ಟ್ರು.

ಆಮೇಲೆ ಅದೇ ಅಭ್ಯಾಸವಾಯಿತು. ಸಿಗ್ನಲ್ಲಿನಲ್ಲಿ, ಏರಿನಲ್ಲಿ, ರಸ್ತೆಯ ಹಂಪಿನ ಮೇಲೆ, ಎಲ್ಲಿ ಅವರ ಕಿವಿ ಕೆಂಪಾಗುವ ಲಕ್ಷಣ ಕಂಡರೂ ಮೇಷ್ಟ್ರ ಕಾಲು ತಾನಾಗಿ ಕೆಳಗೆ ಹೋಗುತ್ತಿತ್ತು. ಇಷ್ಟು ವರ್ಷ ಪಳಗಿದ ಕಾಲು, ಕೂತವರ ಹೊಟ್ಟೆಯ ನೀರು ಅಲುಗದಷ್ಟು ನಯ. ತಮ್ಮ ಕಡೆಯ ಪೆಡಲೂ ಜೊತೆಗೇ ಕೆಳಗಿಳಿಯುವುದನ್ನು ಜಗದಾಂಬಾ ತಮ್ಮದೇ ಕಾಲಿನ ಕೆಲಸ ಎಂದುಕೊಂಡರು. ದಿನದಿಂದ ದಿನಕ್ಕೆ ಅವರ ಮುಖ ಬೆಳಗತೊಡಗಿತು. ಮೂವತ್ತನೆಯ ದಿನದ ಹೊತ್ತಿಗೆ ಎಡಗೈಯಲ್ಲಿ ಗೇರು ಹಾಕುತ್ತ ಬಲಮೊಣಕೈ ಕಿಟಕಿಯ ಮೇಲಿಡುವಷ್ಟು ಧೈರ್ಯ ಬಂದಿತ್ತು. ಮೇಷ್ಟ್ರಿಗೂ ಸಂತೋಷವಾಗುತ್ತಿತ್ತು. ತಾನು ಮೋಸ ಮಾಡುತ್ತಿದ್ದೇನೆ ಎಂದು ಅವರಿಗೆ ಒಂದು ದಿನವೂ ಅನ್ನಿಸಲಿಲ್ಲ. ಸಹಾಯ ಮಾಡುತ್ತಿದ್ದೇನೆ ಎಂದೂ ಅನ್ನಿಸಲಿಲ್ಲ. ಮೇಡಂ ಚೆನ್ನಾಗಿ ಕಲಿತರು ಎಂದು ಅವರೂ ನಂಬಿಬಿಟ್ಟಿದ್ದರು.

ಟೆಸ್ಟಿಗೆ ಎರಡು ವಾರ ಉಳಿದಿರುವಾಗ ಜಗದಾಂಬಾ ಫೋನ್ ಮಾಡಿದರು. "ಭಾನುವಾರ ನಮ್ಮ ಕಾರಿನಲ್ಲೇ ಒಂದು ರೌಂಡ್ ಹೋಗೋಣ ಮೇಷ್ಟ್ರೇ. ಇವರೂ ನೋಡಲಿ."

ಭಾನುವಾರ ಬೆಳಿಗ್ಗೆ ಏಕಾಂತಯ್ಯ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಗೇಟು ತೆರೆದು ನಿಂತಿದ್ದರು. ಕಾರಿಗೆ ಪೂಜೆಯಾಗಿತ್ತು, ಟೈರಿನ ಕೆಳಗೆ ನಿಂಬೆಹಣ್ಣಿತ್ತು. ಮೇಷ್ಟ್ರು ಎಡಗಡೆ ಕೂತರು. ಜಗದಾಂಬಾ ಸ್ಟಾರ್ಟ್ ಮಾಡಿ, ಗೇರು ಹಾಕಿ, ಕ್ಲಚ್ಚು ಬಿಟ್ಟರು. ಕಾರು ಕಪ್ಪೆಯ ಹಾಗೆ ಹಾರಿ ನಿಂತಿತು. ಮೇಷ್ಟ್ರ ಎಡಗಾಲು ಕೆಳಗೆ ಹೋಯಿತು. ಅಲ್ಲಿ ಮ್ಯಾಟು ಮಾತ್ರ ಇತ್ತು.

ಗೇಟಿನಿಂದ ಬೀದಿಯ ತಿರುವಿಗೆ ಅರವತ್ತು ಹೆಜ್ಜೆ. ಕಾರು ಏಳು ಸಲ ನಿಂತಿತು. ಪಕ್ಕದ ಮನೆಯವರು ಮಹಡಿಯ ಮೇಲಿಂದ ನೋಡುತ್ತಿದ್ದರು. ಜಗದಾಂಬಾ ಇಳಿದು ಬಂದು, "ಈ ಕಾರೇ ಸರಿ ಇಲ್ಲ" ಎಂದರು.

"ಕಾರು ಸರಿ ಇದೆ ಕಣೇ. ಒಂಬತ್ತು ವರ್ಷ ನಾನೇ ಓಡಿಸಿದೀನಿ" ಎಂದರು ಏಕಾಂತಯ್ಯ.

"ಮೇಷ್ಟ್ರ ಕಾರಲ್ಲಿ ನಲವತ್ತು ದಿನದಲ್ಲಿ ನಾನು ಎಷ್ಟು ಸಲ ಆಫ್ ಮಾಡಿದೀನಿ, ಕೇಳಿ."

ಏಕಾಂತಯ್ಯ ಕೇಳಲಿಲ್ಲ. ಎರಡನೇ ತಿರುವಿನ ಗ್ಯಾರೇಜಿನ ಭೈರೇಶನಿಗೆ ಫೋನ್ ಮಾಡಿದರು. ಭೈರೇಶ ಬಂದ, ಬಾನೆಟ್ ಎತ್ತಿದ, ಕೆಳಗೆ ನುಸುಳಿದ, ತಾನೇ ಕೂತು ಬೀದಿಯ ಕೊನೆವರೆಗೆ ಓಡಿಸಿಕೊಂಡು ಬಂದ.

"ಕ್ಲಚ್ ಚೆನ್ನಾಗೈತೆ ಆಂಟಿ. ಗಾಡಿ ಚಿನ್ನ ಇದ್ದಂಗೈತೆ."

"ನನ್ನ ಕೈಯಲ್ಲಿ ಯಾಕೆ ಹೋಗ್ತಿಲ್ಲ ಹಾಗಾದ್ರೆ?"

ಭೈರೇಶ ಕೈ ಒರೆಸಿಕೊಳ್ಳುತ್ತ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಮಹಡಿಯ ಮೇಲಿನವರ ಕಡೆ ನೋಡಿದರು.

ಜಗದಾಂಬಾ ನಿರ್ಧಾರಕ್ಕೆ ಬಂದಾಗಿತ್ತು. "ಹಳೇದಾಯ್ತು. ಮಾರಿಬಿಡೋಣ ರೀ. ಮೇಷ್ಟ್ರದ್ದು ಯಾವ ಕಾರೋ ಅದನ್ನೇ ತಗೊಳ್ಳೋಣ."

ಏಕಾಂತಯ್ಯನವರ ಕೈ ಬಾನೆಟ್ಟಿನ ಮೇಲಿತ್ತು. ಅದನ್ನು ತೆಗೆಯದೆಯೇ, "ಮೇಷ್ಟ್ರು ಏನಂತಾರೋ ಹಾಗೆ ಮಾಡು. ಗೊತ್ತಿರೋರು ಅವರು" ಎಂದರು.

ಇಬ್ಬರೂ ಮೇಷ್ಟ್ರ ಕಡೆ ತಿರುಗಿದರು. ಹೂಂ ಎಂದರೆ ಮುಗಿಯುತ್ತಿತ್ತು. ಹಳೆಯ ಕಾರು ಹೋಗುತ್ತಿತ್ತು, ಇನ್ನೊಂದು ನಲವತ್ತು ದಿನದ ಕ್ಲಾಸು ಬರುತ್ತಿತ್ತು. ಆಮೇಲೆ ಯಾವತ್ತೋ ಒಂದು ದಿನ ಮೈಸೂರು ರಸ್ತೆಯ ಯಾವುದೋ ಏರಿನಲ್ಲಿ ಈ ಹೆಂಗಸು, ಪಕ್ಕದಲ್ಲಿ ಕಣ್ಣು ಕಾಣದ ಗಂಡನನ್ನು ಕೂರಿಸಿಕೊಂಡು, ಇಲ್ಲದ ಕಾಲಿಗೆ ಕಾಯುತ್ತಿದ್ದರು. ಮೇಷ್ಟ್ರಿಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

"ಕಾರು ಸರಿ ಇದೆ ಮೇಡಂ" ಎಂದರು. "ನಮ್ಮ ಕಾರಲ್ಲಿ ಕ್ಲಚ್ ತುಳಿತಿದ್ದಿದ್ದು ನಾನು."

ಭೈರೇಶ ಯಾರಿಗೂ ಹೇಳದೆ ಸ್ಪ್ಯಾನರ್ ಎತ್ತಿಕೊಂಡು ಹೋದ. ಜಗದಾಂಬಾ ಒಳಗೆ ಹೋಗಿ ನೋಟ್‌ಬುಕ್ಕು, ಪೆನ್ನು ತಂದು ಜಗಲಿಯ ಮೇಲೆ ಕೂತರು. ಕನ್ನಡಕ ಹಾಕಿಕೊಂಡರು. ಮೇಷ್ಟ್ರು ಹೊರಗೇ ನಿಂತಿದ್ದರು.

"ಒಂಬತ್ತನೇ ತಾರೀಕು. ಮಾಗಡಿ ರಸ್ತೆ ಸಿಗ್ನಲ್."

"ನಾನು ಮೇಡಂ."

ಅವರು ಇಂಟು ಗುರುತು ಹಾಕಿದರು. "ಹದಿನಾಲ್ಕು. ಕುರುಬರಹಳ್ಳಿ ಏರು, ನಿಲ್ಲಿಸಿ ತೆಗೆದದ್ದು."

"ನಾನು."

"ಆಕ್ಸಿಲರೇಟರ್?"

"ಅದು ನೀವು. ಕ್ಲಚ್ ನಾನು."

"ಅರ್ಧ" ಎಂದು ಬರೆದುಕೊಂಡರು. "ಹತ್ತೊಂಬತ್ತು. ರಾಜಾಜಿನಗರ, ಎರಡು ಕಾರಿನ ಮಧ್ಯೆ ಪಾರ್ಕಿಂಗ್. ಅವತ್ತು ನೀವು ಶಭಾಷ್ ಅಂದಿದ್ರಿ."

ಜಗದಾಂಬಾ ಪೆನ್ನು ಹಿಡಿದು ಕಾದರು. ಮಕ್ಕಳು ಉತ್ತರ ಹೇಳುವವರೆಗೆ ಕಾದು ಅಭ್ಯಾಸವಿದ್ದವರು.

"ಬ್ರೇಕು ಕ್ಲಚ್ಚು ಎರಡೂ ನಾನೇ."

"ಹಾಗಾದ್ರೆ ಶಭಾಷ್ ಅಂದಿದ್ದು ಯಾರಿಗೆ?"

ಹೀಗೆ ನಲವತ್ತು ದಿನದ ಪಾಠದ ಲೆಕ್ಕವೂ ಒಂದೊಂದಾಗಿ ನಡೆಯಿತು. ಮೇಷ್ಟ್ರು ಒಂದನ್ನೂ ಮುಚ್ಚಿಡಲಿಲ್ಲ. ಕೋರ್ಟಿನ ಕಟಕಟೆಯಲ್ಲೂ ಅವರಿಗೆ ಇಷ್ಟು ಕಷ್ಟವಾಗಿರಲಿಲ್ಲ. ಕೊನೆಗೆ, ನಡುವೆ ಬಿಟ್ಟಿದ್ದ ಒಂದು ಪುಟಕ್ಕೆ ಮರಳಿ ಪೆನ್ನು ನಿಂತಿತು. "ಇಪ್ಪತ್ತೇಳು. ಹಾವನೂರು ಸರ್ಕಲ್ ಹತ್ತಿರ ನಾಯಿ ಅಡ್ಡ ಬಂತು. ಬ್ರೇಕ್."

ಮೇಷ್ಟ್ರು ನೆನಪು ಮಾಡಿಕೊಂಡರು. ಅವತ್ತು ಉಮಾಶ್ರೀಯ ಫೋನ್ ಬಂದು ಅವರು ಜೇಬಿಗೆ ಕೈಹಾಕಿದ್ದರು. ನಾಯಿಯನ್ನು ಕಂಡದ್ದು ಕಾರು ನಿಂತ ಮೇಲೆ. "ಅದು ನೀವೇ ಮೇಡಂ. ಪೂರ್ತಿ ನೀವೇ."

ಜಗದಾಂಬಾ ಅದಕ್ಕೆ ಸರಿ ಗುರುತು ಹಾಕಿ ನೋಟ್‌ಬುಕ್ಕು ಮುಚ್ಚಿದರು.

"ಮೂವತ್ತೆರಡು ವರ್ಷ ಟೀಚರಾಗಿದ್ದೆ. ಹುಡುಗಿಯ ಉತ್ತರ ನಾನೇ ಬರೆದುಕೊಟ್ಟು, ಸ್ಟೇಜಿಗೆ ಕರೆದು ಹಾರ ಹಾಕಿದ ಹಾಗಾಯ್ತು ಇದು."

"ನೀವು ಗಾಬರಿ ಆಗ್ತಿದ್ರಿ. ನೋಡೋಕಾಗ್ಲಿಲ್ಲ ಮೇಡಂ."

"ಗಾಬರಿ ಆಗೋದಕ್ಕೇ ಅಲ್ವಾ ನಾನು ನಿಮ್ಮ ಹತ್ರ ಬಂದಿದ್ದು? ಮುಂದೆ ರಸ್ತೇಲಿ ಒಬ್ಬಳೇ ಗಾಬರಿ ಆಗೋ ಬದಲು ಇಲ್ಲಿ ನಿಮ್ಮ ಪಕ್ಕದಲ್ಲಿ ಆಗಿ ಮುಗಿಸೋಣ ಅಂತ. ನೀವು ಅದನ್ನೂ ನನ್ನ ಕೈಯಿಂದ ಕಿತ್ಕೊಂಡ್ರಿ."

ಮೇಷ್ಟ್ರು ತಲೆ ತಗ್ಗಿಸಿದರು. ಏಕಾಂತಯ್ಯ ಅಭ್ಯಾಸಬಲದಿಂದ, "ಕಾಫಿ..." ಎಂದು ಶುರುಮಾಡಿದರು.

"ಇವತ್ತು ಕಾಫಿ ಇಲ್ಲ" ಎಂದರು ಜಗದಾಂಬಾ.

ನಲವತ್ತು ದಿನ ಬೇಡ ಬೇಡ ಎಂದಿದ್ದ ಕಾಫಿ ಇಲ್ಲವಾದದ್ದಕ್ಕೆ ಮೇಷ್ಟ್ರಿಗೆ ನಿಜವಾಗಿಯೂ ದುಃಖವಾಯಿತು. ಚಪ್ಪಲಿಯ ತುದಿ ನೋಡುತ್ತ ಹೊರಡಲು ತಿರುಗಿದಾಗ ಹಿಂದಿನಿಂದ ದನಿ ಬಂತು. "ನಾಳೆ ಆರೂವರೆಗೆ ಬನ್ನಿ. ನಮ್ಮ ಕಾರಲ್ಲೇ. ನೀವು ಸುಮ್ನೆ ಕೂತ್ಕೊಳ್ಳಿ. ನಾನು ಕೇಳಿದ್ರೆ, ಇಲ್ಲ ಯಾರಾದ್ರೂ ಸಾಯೋ ಹಾಗಿದ್ರೆ ಮಾತ್ರ ಹ್ಯಾಂಡ್‌ಬ್ರೇಕ್ ಮುಟ್ಟಬಹುದು."

ಮನೆಗೆ ಹೋದ ಮೇಲೆ ಮೇಷ್ಟ್ರು ಉಮಾಶ್ರೀಗೆ ನಡೆದದ್ದನ್ನೆಲ್ಲ ಹೇಳಿದರು. ಇಪ್ಪತ್ತಾರು ವರ್ಷದಲ್ಲಿ ಕಲಿಸಿದವರು ಎಷ್ಟು ಜನ, ಅವರಲ್ಲಿ ತನ್ನ ಕಾಲಿನಿಂದ ಪಾಸಾದವರು ಎಷ್ಟು ಜನ ಎಂದು ಯೋಚಿಸಿದರು. ಉಮಾಶ್ರೀ ಯೋಚಿಸಲಿಲ್ಲ. "ಇನ್ಮೇಲೆ ನಾನು ರಸ್ತೆ ದಾಟುವಾಗ ಎರಡು ಸಲ ನೋಡ್ತೀನಿ" ಎಂದು ಸಾರಿಗೆ ಒಗ್ಗರಣೆ ಹಾಕಿದರು.

ಸೋಮವಾರದಿಂದ ಹೊಸ ಪಾಠ ಶುರುವಾಯಿತು. ಯಾರಿಗೆ ಪಾಠ ಎಂಬುದು ಸ್ಪಷ್ಟವಿರಲಿಲ್ಲ. ಕಾರು ಕುಪ್ಪಳಿಸಿದಾಗಲೆಲ್ಲ ಮೇಷ್ಟ್ರ ಕಾಲು ಮ್ಯಾಟನ್ನು ತುಳಿಯುತ್ತಿತ್ತು, ಜಗದಾಂಬಾ ರಸ್ತೆಯಿಂದ ಕಣ್ಣು ತೆಗೆಯದೆ, "ಮೇಷ್ಟ್ರೇ, ಕಾಲು" ಎನ್ನುತ್ತಿದ್ದರು. ಮೂರನೇ ದಿನ ಮೇಷ್ಟ್ರು ಚಪ್ಪಲಿ ಬಿಚ್ಚಿ, ಸೀಟನ್ನು ಹಿಂದಕ್ಕೆ ತಳ್ಳಿ, ಚಕ್ಕಳಮಕ್ಕಳ ಹಾಕಿ ಕೂತರು. ಬೆಲ್ಟು ಹಾಕಿಕೊಂಡು ಹಾಗೆ ಕೂತವರನ್ನು ಸಿಗ್ನಲ್ಲಿನಲ್ಲಿ ಪೊಲೀಸಿನವರು ಒಮ್ಮೆ ಬಗ್ಗಿ ನೋಡಿದರು. ಯಾವ ಕಲಮಿಗೂ ಸಿಗದೆ ಕೈಬಿಟ್ಟರು.

ಆರನೇ ದಿನ ಕುರುಬರಹಳ್ಳಿಯ ಏರು. ಅರ್ಧದಲ್ಲಿ ಮುಂದಿನ ಗಾಡಿ ನಿಂತಿತು, ಇವರದೂ ನಿಂತಿತು. ಹೊರಡುವಾಗ ಆಫ್ ಆಗಿ ಒಂದು ಅಡಿ ಹಿಂದಕ್ಕೆ ಜಾರಿತು. ಬ್ರೇಕ್ ಹಿಡಿದು ಮತ್ತೆ ಪ್ರಯತ್ನಿಸಿದರು, ಮತ್ತೆ ಆಫ್. ಹಿಂದೆ ಆಟೊ. ಮೂರನೇ ಸಲಕ್ಕೆ ಆಟೊದವನು ಇಳಿದೇ ಬಂದ.

"ಏನ್ ಆಂಟಿ, ಇಲ್ಲೇ ಮನೆ ಮಾಡ್ಕೊಂಡ್ರಾ?"

ಜಗದಾಂಬಾ ಅವರ ಕಿವಿ ಕೆಂಪಾಯಿತು. ಮೇಷ್ಟ್ರ ಮೈಯೆಲ್ಲ ಕಾಲಾಗಿ ಹೋಗಿತ್ತು. ಹ್ಯಾಂಡ್‌ಬ್ರೇಕ್ ಒಂದು ಗೇಣು ದೂರದಲ್ಲಿತ್ತು. ಆದರೆ ಅವರು ಕೇಳಿರಲಿಲ್ಲ, ಯಾರೂ ಸಾಯುವ ಹಾಗಿರಲಿಲ್ಲ. ಮೇಷ್ಟ್ರು ಎರಡೂ ಕೈಯಲ್ಲಿ ತಮ್ಮ ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡರು.

"ನಾನಿದೀನಿ ಮೇಡಂ. ಎಷ್ಟು ಹೊತ್ತಾದ್ರೂ ಆಗ್ಲಿ" ಎಂದರು.

ಜಗದಾಂಬಾ ಉಸಿರು ಬಿಟ್ಟರು. ಕ್ಲಚ್ಚನ್ನು ಅರ್ಧಕ್ಕೆ ತಂದರು. ಎಂಜಿನ್ನಿನ ಸದ್ದು ಬದಲಾಗುವವರೆಗೆ ಅಲ್ಲೇ ಹಿಡಿದರು. ಆಟೊದವನು ಇನ್ನೂ ಕಿಟಕಿಯ ಪಕ್ಕದಲ್ಲಿರುವಾಗಲೇ ಕಾರು ಏರು ಹತ್ತತೊಡಗಿತು. ಸದ್ದು ಜಾಸ್ತಿ ಬಂತು, ಸ್ವಲ್ಪ ಹೊಗೆಯೂ ಬಂತು, ಆದರೆ ಹತ್ತಿತು. ಮೇಷ್ಟ್ರ ಕಣ್ಣಿನಲ್ಲಿ ನೀರು ತುಂಬಿತ್ತು. ಎಡಗಡೆಯ ಕಿಟಕಿಯ ಕಡೆ ತಿರುಗಿ ಅದನ್ನು ಒರೆಸಿಕೊಂಡರು. ಶಭಾಷ್ ಎನ್ನಲು ಧೈರ್ಯವಾಗಲಿಲ್ಲ.

ಟೆಸ್ಟಿನಲ್ಲಿ ಜಗದಾಂಬಾ ಪಾಸಾದರು. ಲೈಸೆನ್ಸ್ ಕೈಗೆ ಬಂದ ಮರು ಭಾನುವಾರ ಮೇಷ್ಟ್ರನ್ನು ಕೂರಿಸಿಕೊಂಡು ಅತ್ತಿಗುಪ್ಪೆ ಮೆಟ್ರೋವರೆಗೆ ಬಂದು ಕಾರನ್ನು ರಸ್ತೆ ಬದಿಗೆ ಹಾಕಿದರು.

"ಇಲ್ಲಿ ಇಳೀರಿ ಮೇಷ್ಟ್ರೇ."

"ಇಲ್ಯಾಕೆ ಮೇಡಂ? ನಿಮ್ಮ ಮನೆವರೆಗೆ ಬರ್ತೀನಿ."

"ಬೇಡ. ಒಬ್ಬಳೇ ಹೋಗ್ತೀನಿ."

ಮೇಷ್ಟ್ರು ಕಾಲು ಬಿಡಿಸಿಕೊಂಡು ಚಪ್ಪಲಿ ಮೆಟ್ಟಿ ಇಳಿದರು. ಕನ್ನಡಿ ನೋಡಿಕೊಳ್ಳಿ ಎನ್ನಬೇಕೆನ್ನಿಸಿತು, ನಾಲಿಗೆ ಕಚ್ಚಿಕೊಂಡರು. ಜಗದಾಂಬಾ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಒಂದು ಬಸ್ಸನ್ನು ಮುಂದೆ ಬಿಟ್ಟು ರಸ್ತೆಗೆ ಸೇರಿದರು. ಮೇಷ್ಟ್ರು ಫುಟ್‌ಪಾತಿನಲ್ಲಿ ನಿಂತು ಬಿಳಿ, ಬೂದು, ಕೆಂಪು ಕಾರುಗಳ ನಡುವೆ ಅದು ಕಾಣದಾಗುವವರೆಗೆ ನೋಡಿದರು. ಮನೆಗೆ ನಡೆದೇ ಹೋದರು. ಉಮಾಶ್ರೀ ಹಾಕಿದ ತಿಂಡಿ ತಟ್ಟೆಯಲ್ಲೇ ಆರಿತು. ಅರ್ಧ ಗಂಟೆ ಕಳೆಯಿತು, ಮುಕ್ಕಾಲು ಕಳೆಯಿತು. ಅಷ್ಟು ದೂರಕ್ಕೆ ಇಪ್ಪತ್ತು ನಿಮಿಷ ಸಾಕು. ತಾವೇ ಫೋನ್ ಮಾಡಬಾರದು ಎಂದು ಮೊಬೈಲನ್ನು ಟಿವಿಯ ಮೇಲೆ ಇಟ್ಟರು.

ಅದು ಬಡಿದುಕೊಂಡಾಗ ಆ ಕಡೆ ಇದ್ದವರು ಏಕಾಂತಯ್ಯ. "ಮೇಷ್ಟ್ರೇ, ಇವಳು ಬಂದ್ಳು. ಗಾಡಿ ಒಳಗೆ ತರುವಾಗ ಗೇಟಿಗೆ ಉಜ್ಜಿದಾಳೆ."

"ಜಾಸ್ತಿನಾ ಸಾರ್?"

"ನಂಗೆಲ್ಲಿ ಕಾಣ್ಬೇಕು? ಕೈಯಲ್ಲಿ ಸವರಿ ನೋಡ್ದೆ. ಒಂದು ಗೇಣಿದೆ."

ಹಿಂದೆ ಎಲ್ಲೋ ಜಗದಾಂಬಾ ಅವರ ದನಿ ಕೇಳಿಸಿತು. ಆಮೇಲೆ ಫೋನ್ ಅವರ ಕೈಗೆ ಬಂತು. ಏದುಸಿರಿತ್ತು, ಆದರೆ ಮಾತು ತರಗತಿಯಲ್ಲಿ ಹೇಳುವಷ್ಟು ಸ್ಪಷ್ಟವಾಗಿತ್ತು.

"ಮೇಷ್ಟ್ರೇ, ಒಬ್ಬಳೇ ಬಂದೆ ಅಂದ್ರೆ ಇವರು ನಂಬ್ತಿಲ್ಲ. ನೀವೇ ಹೇಳಿ. ಇದನ್ನ ಉಜ್ಜಿದ್ದು ಯಾರು?"

"ನೀವೇ ಮೇಡಂ" ಎಂದರು ರುದ್ರಮುನಿ. "ಪೂರ್ತಿ ನೀವೇ."